ಎಷ್ಟು ಕರೆ ಕಡಿದರೆ ಜಾಲ ಕೆಟ್ಟದ್ದು? — ಸಂಚಾರಿ ದೂರವಾಣಿಯ ಗುಣನಿರ್ಣಯದ ಚರಿತ್ರೆ



ನ್ಯಾಯಾಲಯಗಳಲ್ಲಿ ತೀರ್ಪು ಬರಲು ವರ್ಷಗಳು ಹಿಡಿಯುತ್ತವೆ. ಆದರೆ ನಾವೆಲ್ಲರೂ ದಿನಕ್ಕೊಮ್ಮೆಯಾದರೂ ವಿಚಾರಣೆಯಿಲ್ಲದೆ, ಸಾಕ್ಷಿಯಿಲ್ಲದೆ ಕೊಟ್ಟುಬಿಡುವ ತೀರ್ಪು ಒಂದುಂಟು: ‘ಈ ಕಂಪನಿಯ ನೆಟ್‌ವರ್ಕ್ ಸರಿಯಿಲ್ಲ.’ ಊರಿನಲ್ಲಿರುವ ತಾಯಿಯೊಡನೆ ಆಡುತ್ತಿದ್ದ ಮಾತು ನಡುವೆ ಕಡಿದುಹೋದಾಗ ಹೊರಡುವ ಈ ತೀರ್ಪಿನ ಹಿಂದಿನ ಸಿಟ್ಟು ಸಹಜವಾದುದೇ. ಹೊರನಾಡಿನಲ್ಲಿ ದುಡಿಯುವವನಿಗೆ ಮನೆಯೊಡನೆ ಉಳಿದಿರುವುದು ಆ ಒಂದು ಎಳೆ. ಆದರೂ ಆ ತೀರ್ಪು ನ್ಯಾಯವಾದುದೆ ಎಂಬ ಪ್ರಶ್ನೆ ಉಳಿಯುತ್ತದೆ. ಒಂದು ದೂರಸಂಪರ್ಕ ಜಾಲವನ್ನು ಒಳ್ಳೆಯದು, ಕೆಟ್ಟದ್ದು ಎಂದು ಅಳೆಯುವ ಕೋಲು ಯಾವುದು, ಅದನ್ನು ಯಾರು ಮಾಡಿದರು, ಅದು ಎಷ್ಟು ಸಲ ಸೊಟ್ಟಗಾಯಿತು, ಯಾರು ಅದನ್ನು ತಿದ್ದಿದರು ಎಂಬುದಕ್ಕೆ ನೂರ ಅರವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯ ಆರಂಭದ ಪುಟವೊಂದು, ನಾವು ಕೂಡಿರುವ ಈ ಊರಿನಿಂದ ಬೆಟ್ಟದಾಚೆಗಿರುವ ಮಸ್ಕತ್ತಿನ ಕಡಲಿಗೇ ಸೇರಿದ್ದು. ಅಲ್ಲಿಂದಲೇ ತೊಡಗೋಣ.

1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಎದ್ದ ದಂಗೆಯ ಸುದ್ದಿ ಲಂಡನ್ನನ್ನು ಮುಟ್ಟಲು ವಾರಗಳು ಹಿಡಿದವು. ಆ ಗಾಬರಿಯಲ್ಲಿ ಬ್ರಿಟಿಷ್ ಸರಕಾರ ಇಂಡಿಯಾದವರೆಗೆ ತಂತಿ ಎಳೆಯಲು ಆತುರಪಟ್ಟಿತು. ಸೂಯೆಜ್‌ನಿಂದ ಏಡನ್ನಿಗೆ 1859ರಲ್ಲಿ, ಏಡನ್ನಿನಿಂದ ಕುರಿಯಾ ಮುರಿಯಾ ದ್ವೀಪಗಳನ್ನೂ ಮಸ್ಕತ್ತನ್ನೂ ಮುಟ್ಟಿಕೊಂಡು ಕರಾಚಿಗೆ 1860ರಲ್ಲಿ ಕಡಲಡಿಯ ತಂತಿ ಹಾಸಲಾಯಿತು. ಅದಕ್ಕೆ ತಗಲಿದ ವೆಚ್ಚ ಸುಮಾರು 8 ಲಕ್ಷ ಪೌಂಡು. ಈ ಕಾರ್ಯದ ವೈಚಿತ್ರ್ಯವನ್ನು ಗಮನಿಸಬೇಕು. ತುಂಡು ತುಂಡಾಗಿ ಪರೀಕ್ಷಿಸಿದಾಗ ತಂತಿ ಸಂದೇಶವನ್ನು ಒಯ್ಯುತ್ತಿತ್ತು. ಇಡೀ ಮಾರ್ಗವಾಗಿ ಅದು ಎಂದೂ ನೆಲೆನಿಂತು ದುಡಿಯಲಿಲ್ಲ. ಒಂದು ಭಾಗ ಸರಿಯಿದ್ದಾಗ ಇನ್ನೊಂದು ಕೆಡುತ್ತಿತ್ತು, ಕೊನೆಗೆ ಎಲ್ಲವೂ ಕೆಟ್ಟವು. ಸರಕಾರವಾದರೋ ಹಣ ಹೂಡಿದವರಿಗೆ ನಿಶ್ಚಿತ ಆದಾಯದ ಖಾತರಿಯನ್ನು ಮೊದಲೇ ಬರೆದುಕೊಟ್ಟಿತ್ತು. ತಂತಿ ಕೆಲಸ ಮಾಡಿದರೆ ಮಾತ್ರ ಎಂಬ ಷರತ್ತನ್ನು ಆ ಪತ್ರದಲ್ಲಿ ಸೇರಿಸಲು ಯಾರಿಗೂ ತೋಚಲಿಲ್ಲ! ಸತ್ತ ತಂತಿಗಾಗಿ ಅಲ್ಲಿಯ ತೆರಿಗೆದಾರರು ದಶಕಗಳ ಕಾಲ ಹಣ ತೆತ್ತರು.

ಅದೇ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ತಂತಿಯೂ ಕೆಟ್ಟುಹೋಗಿದ್ದುದರಿಂದ ವಿಚಾರಣಾ ಸಮಿತಿಯೊಂದು ನೇಮಕವಾಗಿ 1861ರಲ್ಲಿ ವರದಿ ಕೊಟ್ಟಿತು. ತಂತಿಯನ್ನು ಕಡಲಿಗಿಳಿಸುವ ಮುನ್ನ ಏನನ್ನು, ಯಾವ ಮಾನದಿಂದ, ಎಷ್ಟು ಸಲ ಅಳೆಯಬೇಕು ಎಂಬ ಶಿಸ್ತು ಅಲ್ಲಿಂದ ಬೆಳೆಯಿತು. 1864ರಲ್ಲಿ ಗ್ವಾದರ್, ಮುಸಂದಮ್ ಮಾರ್ಗವಾಗಿ ಪರ್ಷಿಯನ್ ಕೊಲ್ಲಿಯ ಫಾವ್‌ವರೆಗೆ ಹಾಸಿದ ತಂತಿ ಈ ಶಿಸ್ತಿನ ಫಲ. ಗ್ವಾದರ್ ಆಗ ಮಸ್ಕತ್ ಸುಲ್ತಾನರ ಅಧೀನದಲ್ಲಿತ್ತು, 1958ರವರೆಗೂ ಹಾಗೆಯೇ ಇತ್ತು. ಮುಸಂದಮ್‌ನ ಕಡಲಕೊರಕಲಿನಲ್ಲಿ ಇಂದೂ ಟೆಲಿಗ್ರಾಫ್ ದ್ವೀಪವೆಂದು ಕರೆಸಿಕೊಳ್ಳುವ ಬೋಳುಬಂಡೆಯ ಮೇಲೆ ಆ ತಂತಿಯ ಕಚೇರಿ ಕೆಲವೇ ವರ್ಷ ನಡೆಯಿತು. ದೋಣಿಯಲ್ಲಿ ಪ್ರವಾಸ ಹೋದ ನಿಮ್ಮಲ್ಲಿ ಕೆಲವರು ಅದರ ಪಾಳುಗೋಡೆಗಳನ್ನು ಕಂಡಿರಬಹುದು.

ಈ ಪುರಾತನ ಕಥೆಯಲ್ಲಿ ಕಾಲಹರಣ ಮಾಡಿದೆವೆಂದು ಭಾವಿಸಬೇಡಿ. ಜಾಲವನ್ನು ತುಂಡುಗಳಾಗಿ ಅಳೆದರೆ ಒಂದು ಉತ್ತರ, ಬಳಸುವವನ ತುದಿಯಿಂದ ತುದಿಗೆ ಅಳೆದರೆ ಮತ್ತೊಂದು ಉತ್ತರ ಎಂಬ ಸಂಗತಿ ಅಂದು ಮೊದಲ ಬಾರಿಗೆ ದುಬಾರಿಯಾಗಿ ಅರಿವಿಗೆ ಬಂತು. ಅದರ ಸೋಂಕು ಇಂದಿನ ಮೊಬೈಲಿನವರೆಗೂ ಬಿಟ್ಟಿಲ್ಲ.

ಎರಡನೆಯ ದೊಡ್ಡ ಹೆಜ್ಜೆ ಕೋಪನ್‌ಹೇಗನ್ ನಗರದ್ದು. ಅಲ್ಲಿನ ಟೆಲಿಫೋನ್ ಕಂಪನಿಯಲ್ಲಿ ದುಡಿಯುತ್ತಿದ್ದ ಅಗ್ನರ್ ಕ್ರಾರುಪ್ ಏರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿಯೂ 1917ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ಒಂದು ನೇರವಾದ ಪ್ರಶ್ನೆಯನ್ನೆತ್ತಿಕೊಂಡ. ಒಂದು ಊರಿನ ಜನ ದಿನದ ಅತ್ಯಂತ ಗಡಿಬಿಡಿಯ ಗಂಟೆಯಲ್ಲಿ ಇಷ್ಟು ಕರೆ ಮಾಡುತ್ತಾರೆ, ಪ್ರತಿಯೊಂದೂ ಸರಾಸರಿ ಇಷ್ಟು ಹೊತ್ತು ನಡೆಯುತ್ತದೆ ಎಂದು ತಿಳಿದರೆ, ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆ ತಿರುಗಿಹೋಗದಂತೆ ಎಷ್ಟು ತಂತಿಗಳು ಬೇಕು? ಈ ಲೆಕ್ಕದ ಸೂತ್ರ ಇಂದಿಗೂ ಬಳಕೆಯಲ್ಲಿದೆ; ದೂರವಾಣಿಯ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಏರ್ಲಾಂಗನ ಪ್ರಶ್ನೆಯೊಳಗೆ ಒಂದು ಪ್ರಾಮಾಣಿಕತೆ ಅಡಗಿದೆ ಎಂದು ನಮಗೆ ತೋರುತ್ತದೆ. ಎಲ್ಲ ಕರೆಗಳೂ ಸಲ್ಲುತ್ತವೆ ಎಂದು ಅವನು ಆಣೆ ಮಾಡಲಿಲ್ಲ. ಸಲ್ಲದೆ ಹೋಗುವ ಪಾಲು ಎಷ್ಟಿರಬಹುದೆಂದು ಮೊದಲೇ ಬರೆದಿಟ್ಟು, ಅದನ್ನು ಸಾರ್ವಜನಿಕವಾಗಿ ಪರೀಕ್ಷಿಸಬಹುದಾದ ಸಂಖ್ಯೆಯನ್ನಾಗಿ ಮಾಡಿದ. ಅಳೆಯಬೇಕಾದುದು ನಡುರಾತ್ರಿಯನ್ನಲ್ಲ, ಗಡಿಬಿಡಿಯ ಗಂಟೆಯನ್ನು ಎಂಬುದೂ ಅವನ ಬಳಿಕವೇ ರೂಢಿಯಾದ ಮಾತು.

ನಮ್ಮ ನಾಡಿನಲ್ಲಿ ಬಹುಕಾಲ ಇಂಥ ಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಾದವರಿಗೆ, ಕೂಗಿ ಕೂಗಿ ಗಂಟಲು ಕಟ್ಟಿದರೂ ದನಿ ಕೇಳಿಸಿತಲ್ಲ ಎಂಬುದೇ ಸಮಾಧಾನ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ 1948ರಿಂದ ಟೆಲಿಫೋನು ತಯಾರಿಸುತ್ತಿದ್ದರೂ ಹಳ್ಳಿಗಳ ಪಾಲಿಗೆ ಅದು ದೂರದ ವಸ್ತುವೇ ಆಗಿತ್ತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ನೆಲೆಗೊಂಡದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಹಂಗಿಲ್ಲದೆ ಧೂಳು ಸೆಕೆಗಳಲ್ಲಿ ನಡೆಯಬಲ್ಲ ಯಂತ್ರ ಅದು. ಎಸ್.ಟಿ.ಡಿ. ಬೂತುಗಳ ಹಳದಿ ಹಲಗೆಗಳು ನಾಡಿನ ತುಂಬ ಕಾಣಿಸಿಕೊಂಡದ್ದು ಅದರ ಬೆನ್ನಿಗೆ. ಇದು ಬೇರೆಯೇ ಉಪನ್ಯಾಸಕ್ಕೆ ವಸ್ತು, ಮುಂದೆ ಹೋಗೋಣ.

ಇಂಡಿಯಾದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ದಿಲ್ಲಿಗೆ, ಮುಖ್ಯಮಂತ್ರಿ ಜ್ಯೋತಿ ಬಸು ಅವರಿಂದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ. ಒಮಾನಿನಲ್ಲಿ ಜಿ.ಎಸ್.ಎಂ. ಸೇವೆ ತೊಡಗಿದ್ದು ಮರುವರ್ಷ, 1996ರಲ್ಲಿ. ಆಗ ಇಲ್ಲಿದ್ದುದು 1980ರಲ್ಲಿ ಸ್ಥಾಪಿತವಾದ ಸರಕಾರಿ ದೂರಸಂಪರ್ಕ ಸಂಸ್ಥೆಯೊಂದೇ; ಅದು 1999ರಲ್ಲಿ ಒಮಾನ್‌ಟೆಲ್ ಆಯಿತು. 2002ರಲ್ಲಿ ನಿಯಂತ್ರಣ ಪ್ರಾಧಿಕಾರ ಬಂತು, 2005ರಲ್ಲಿ ನವ್ರಾಸ್ ಎಂಬ ಎರಡನೆಯ ಕಂಪನಿ ಕಣಕ್ಕಿಳಿಯಿತು. 2014ರಿಂದ ಅದರ ಹೆಸರು ಉರೀಡೂ. 2022ರಲ್ಲಿ ವೊಡಾಫೋನ್ ಮೂರನೆಯದಾಗಿ ಸೇರಿತು. ಒಂದೇ ಸಂಸ್ಥೆಯಿದ್ದ ಕಾಲದಲ್ಲಿ ‘ಸರಿಯಿಲ್ಲ’ ಎಂಬುದು ಬರಿಯ ಗೊಣಗಾಟ. ಹೋಲಿಸಲು ಇನ್ನೊಂದು ಬಂದ ಮೇಲೆ, ಅದರಲ್ಲಿಯೂ ಸಂಖ್ಯೆಯನ್ನು ಬಿಡದೆಯೇ ಕಂಪನಿ ಬದಲಿಸುವ ಸೌಕರ್ಯ ಬಂದ ಮೇಲೆ, ಅದು ತೀರ್ಪಾಯಿತು.

ಈಗ ಅಲ್ ಅಮೇರಾತಿನ ನೆಲವನ್ನೇ ನೋಡಿ. ಸುತ್ತ ಹಜರ್ ಶ್ರೇಣಿಯ ಬೋಳುಬೆಟ್ಟಗಳು, ನಡುವೆ ಬಟ್ಟಲಿನಂಥ ಬಯಲು. ಮಸ್ಕತ್ತಿಗೆ ಹೋಗಬೇಕಾದರೆ ವಾದಿ ಅದೈ ಕಣಿವೆಯಲ್ಲಿ ನುಸುಳಬೇಕು, ಇಲ್ಲವೆ ಬೌಶರ್ ಕಡೆಯ ಘಟ್ಟವನ್ನು ಹತ್ತಿಳಿಯಬೇಕು. ರೇಡಿಯೋ ಅಲೆಗಳಿಗೂ ಇದೇ ಪಾಡು. ಜಿ.ಎಸ್.ಎಂ. ಟವರೊಂದರ ಕೈ ಕಾಗದದ ಮೇಲೆ 35 ಕಿಲೋಮೀಟರ್ ದೂರ ಚಾಚುತ್ತದೆ. ಆ ಮಿತಿಯೂ ಅಲೆಯ ಬಲದಿಂದ ಬಂದುದಲ್ಲ, ಅಲೆ ಹೋಗಿ ಬರುವ ಹೊತ್ತನ್ನು ಲೆಕ್ಕವಿಡುವ ವಿಧಾನದಿಂದ ಬಂದುದು. ಆದರೆ ನಡುವೆ ಕಲ್ಲುಬೆಟ್ಟ ನಿಂತರೆ ಮೂರು ಕಿಲೋಮೀಟರೂ ದಾಟದು. ಬೌಶರಿನ ಟವರು ಎಷ್ಟೇ ಪ್ರಬಲವಾಗಿರಲಿ, ಬೆಟ್ಟದ ನೆರಳಿನಲ್ಲಿರುವ ಅಮೇರಾತಿನ ಮನೆಗೆ ಅದು ಇದ್ದೂ ಇಲ್ಲದಂತೆ. ನಮ್ಮ ಪಶ್ಚಿಮ ಘಟ್ಟದ ಕೊಳ್ಳಗಳ ಮನೆಗಳಿಗೂ ಇದೇ ಕಷ್ಟ. ಅಲ್ಲಿ ಬೆಟ್ಟದ ಜೊತೆಗೆ ಮಳೆಯಲ್ಲಿ ನೆನೆದ ಕಾಡೂ ಸೇರುತ್ತದೆ.

ಹಾಗಾದರೆ ಕಂಪನಿಗಳು ಪ್ರಕಟಿಸುವ ವ್ಯಾಪ್ತಿಯ ನಕ್ಷೆಗಳನ್ನು ನಂಬಬಹುದೆ? ನಂಬಬಹುದು, ಅವು ಏನನ್ನು ಹೇಳುತ್ತವೆಂಬುದನ್ನು ಅರಿತು. ಇಂಥ ನಕ್ಷೆಯ ಬಹುಪಾಲು ಅಳೆದು ಬರೆದುದಲ್ಲ, ಬೆಟ್ಟಗುಡ್ಡಗಳ ಎತ್ತರವನ್ನು ಯಂತ್ರಕ್ಕೆ ಉಣಿಸಿ ಲೆಕ್ಕಹಾಕಿ ಬಣ್ಣ ತುಂಬಿದ್ದು. ಅದು ಸಾಮಾನ್ಯವಾಗಿ ಬಯಲಿನಲ್ಲಿ ನಿಂತ ಮನುಷ್ಯನಿಗೆ ಸಂಬಂಧಿಸಿದ್ದು. ಸಿಮೆಂಟು ಗೋಡೆಯೊಳಗೆ ಹೊಕ್ಕರೆ ಅಲೆಯ ಬಲ ಹತ್ತನೆಯ ಒಂದು ಪಾಲಿಗೋ ನೂರನೆಯ ಒಂದು ಪಾಲಿಗೋ ಇಳಿಯುವುದು ಸಾಮಾನ್ಯ. ಸೆಕೆನಾಡಿನ ಜನ ವರ್ಷದ ಬಹುಭಾಗ ಕಿಟಕಿ ಮುಚ್ಚಿ ಒಳಗೇ ಇರುತ್ತಾರೆ; ಅವರಿಗೆ ಬಯಲಿನ ನಕ್ಷೆ ಅರ್ಧ ಸತ್ಯ ಮಾತ್ರ.

ಇನ್ನೊಂದು ಸೂಕ್ಷ್ಮ, ಶೇಕಡಾವಾರು ಲೆಕ್ಕದ್ದು. ‘ನಮ್ಮ ಜಾಲ ಜನಸಂಖ್ಯೆಯ ಇಷ್ಟು ಪಾಲನ್ನು ಮುಟ್ಟುತ್ತದೆ’ ಎಂಬುದು ಒಂದು ಮಾತು. ‘ನೆಲದ ಇಷ್ಟು ಪಾಲನ್ನು ಮುಟ್ಟುತ್ತದೆ’ ಎಂಬುದು ಬೇರೆಯೇ ಮಾತು. ಒಮಾನಿನ ವಿಸ್ತೀರ್ಣ ಮೂರು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕದ್ದು; ಜನ ಮಾತ್ರ ಮಸ್ಕತ್ತು, ಬಾತಿನಾ ಕರಾವಳಿ, ಸಲಾಲಾದಂಥ ಕೆಲವು ಕಡೆ ಒತ್ತಾಗಿದ್ದಾರೆ. ಆ ಕೆಲವು ಕಡೆ ಟವರು ನೆಟ್ಟರೆ ಮೊದಲ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ. ಹೈಮಾ ದಾಟಿದ ಮರುಭೂಮಿಯ ದಾರಿಯಲ್ಲಿ ಕಾರು ಕೆಟ್ಟು ನಿಂತವನಿಗೆ ಬೇಕಾದದ್ದು ಎರಡನೆಯ ಲೆಕ್ಕ. ಎರಡೂ ಸುಳ್ಳಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಕೇಳಿದಂತೆ ಭಾಸವಾಗಿಸುವುದು ಜಾಹೀರಾತಿನ ಚಮತ್ಕಾರ.

ಕೈಯಲ್ಲಿರುವ ಯಂತ್ರದ ಮೇಲಿನ ಕಡ್ಡಿಗಳ ವಿಷಯ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಲೋಕಮಾನ್ಯವಾದ ಅಳತೆಯೇ ಇಲ್ಲ, ತಯಾರಕರ ಇಚ್ಛೆ. 2010ರ ಜುಲೈ ತಿಂಗಳಿನಲ್ಲಿ ಆಪಲ್ ಕಂಪನಿಯೇ ತನ್ನ ಫೋನುಗಳು ಕಡ್ಡಿ ತೋರಿಸುವ ಸೂತ್ರ ತಪ್ಪೆಂದೂ, ಅವು ಹಲವು ವೇಳೆ ಇರಬೇಕಾದುದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರಿಸುತ್ತಿವೆಯೆಂದೂ ಬಹಿರಂಗಪತ್ರದಲ್ಲಿ ಒಪ್ಪಿಕೊಂಡಿತು. ಎರಡು ಬೇರೆ ಬೇರೆ ಫೋನುಗಳ ಕಡ್ಡಿಗಳನ್ನು ಪಕ್ಕದಲ್ಲಿಟ್ಟು ಎರಡು ಕಂಪನಿಗಳ ನ್ಯಾಯ ತೀರ್ಮಾನಿಸುವುದು, ಎರಡು ಅಂಗಡಿಗಳ ತಕ್ಕಡಿಯನ್ನು ನೋಡಿ ಎರಡು ಹೊಲಗಳ ಬೆಳೆಯನ್ನು ಹೇಳಿದಂತೆ.

ಮೇಲಾಗಿ, ಕಡ್ಡಿಗಳೆಲ್ಲ ತುಂಬಿದ್ದರೂ ಕರೆ ಹೋಗದಿರಬಹುದು. ಅಲೆ ಮುಟ್ಟುವುದು ಬೇರೆ, ಜಾಗ ಸಿಗುವುದು ಬೇರೆ. 2021ರ ಅಕ್ಟೋಬರ್ 17ರಂದು ಟಿ-20 ವಿಶ್ವಕಪ್ಪಿನ ಮೊದಲ ಪಂದ್ಯ ನಡೆದದ್ದು ಈ ಅಮೇರಾತಿನ ಮೈದಾನದಲ್ಲಿಯೇ ಅಲ್ಲವೆ? ಒಮಾನ್ ತಂಡ ಪಪುವಾ ನ್ಯೂ ಗಿನಿಯನ್ನು ಹತ್ತು ವಿಕೆಟ್ಟುಗಳಿಂದ ಸೋಲಿಸಿತು. ಅಂಥ ದಿನ ಸಾವಿರಾರು ಮಂದಿ ಒಂದೇ ಟವರಿನ ಕೆಳಗೆ ಸೇರುತ್ತಾರೆ. ಏರ್ಲಾಂಗನ ಸೂತ್ರ ಬೇಡುವುದು ಆ ಗಂಟೆಯ ಲೆಕ್ಕವನ್ನು. ರಂಜಾನ್ ತಿಂಗಳಿನಲ್ಲಿ ಗಡಿಬಿಡಿಯ ಗಂಟೆ ಇಫ್ತಾರಿನ ಆಚೆಗೆ ಸರಿಯುತ್ತದೆ. ಈದ್ ಹಬ್ಬದ ಸಂಜೆ ಅದು ಗಂಟೆಯಾಗಿ ಉಳಿಯದೆ ಇಡೀ ಇರುಳಾಗುತ್ತದೆ. ಹಬ್ಬದ ಸಂಜೆಯೊಂದನ್ನೇ ನೋಡಿ ಜಾಲವನ್ನು ಹೀನಾಯವಾಗಿ ಬಯ್ಯುವುದು ಅನ್ಯಾಯ. ಶುಕ್ರವಾರದ ಬೆಳಗಿನ ಜಾವವನ್ನು ನೋಡಿ ಹೊಗಳುವುದೂ ಅಷ್ಟೇ ಅನ್ಯಾಯ.

ಇನ್ನು ನಮ್ಮ ಉಪನ್ಯಾಸದ ತಿರುಳಾದ ಕಥೆಗೆ ಬರೋಣ. ಇಂಡಿಯಾದಲ್ಲಿ 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸ್ಥಾಪಿತವಾಯಿತು. 2009ರಲ್ಲಿ ಅದು ಹೊರಡಿಸಿದ ಗುಣಮಟ್ಟದ ನಿಯಮಗಳಲ್ಲಿ ಕಡಿದುಹೋಗುವ ಕರೆಗಳಿಗೆ ಒಂದು ಮಿತಿಯಿತ್ತು: ನೂರಕ್ಕೆ ಎರಡು. ಓದಲು ಸ್ಪಷ್ಟವಾದ ನಿಯಮ. ತೊಡಕಿದ್ದುದು ಈ ನೂರನ್ನು ಎಲ್ಲಿಂದ ಎಣಿಸಬೇಕೆಂಬುದರಲ್ಲಿ. ಎಣಿಕೆ ಇಡೀ ಸೇವಾವಲಯಕ್ಕೆ. ಕರ್ನಾಟಕವೆಂದರೆ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ವಲಯ. ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. ಬೆಂಗಳೂರಿನಂಥ ನಗರಗಳಲ್ಲಿ 90 ಲಕ್ಷ ಕರೆಗಳು ನಡೆದು ನೂರಕ್ಕೆ ಒಂದರಂತೆ 90 ಸಾವಿರ ಕಡಿದವೆನ್ನಿ. ಮಲೆನಾಡಿನ ಮೂಲೆಗಳಲ್ಲಿ 1 ಲಕ್ಷ ಕರೆ ನಡೆದು ನೂರಕ್ಕೆ ಇಪ್ಪತ್ತರಂತೆ 20 ಸಾವಿರ ಕಡಿದವೆನ್ನಿ. ಒಟ್ಟು 91 ಲಕ್ಷಕ್ಕೆ 1 ಲಕ್ಷ 10 ಸಾವಿರ. ನೂರಕ್ಕೆ ಒಂದೂ ಕಾಲು ಸಹ ಆಗಲಿಲ್ಲ. ಕಂಪನಿ ಪರೀಕ್ಷೆಯಲ್ಲಿ ತೇರ್ಗಡೆ. ಐದು ಕರೆಗೊಂದು ಕಡಿಯುವ ಊರಿನವನು ದೂರು ಕೊಟ್ಟರೆ, ‘ನಿಯಮದೊಳಗೇ ಇದ್ದೇವೆ’ ಎಂಬ ಉತ್ತರ. ಅದು ಸುಳ್ಳೂ ಅಲ್ಲ. ಕೆಟ್ಟ ಟವರುಗಳ ಪಾಲು ಇಷ್ಟಕ್ಕಿಂತ ಹೆಚ್ಚಿರಬಾರದೆಂಬ ಇನ್ನೊಂದು ಸಾಲು ಆ ನಿಯಮಗಳಲ್ಲಿ ಇತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಮಾರುಕಟ್ಟೆಯಲ್ಲಿ ಹೆಸರಾದದ್ದು ಆ ಸರಾಸರಿಯೇ.

‘ಕಡಿದುಹೋದ ಕರೆ’ ಎಂದರೇನು ಎಂಬುದರಲ್ಲಿಯೂ ಒಂದು ಮರ್ಮವಿತ್ತು. ಮಾತಾಡುತ್ತಿರುವಾಗ ಫೋನು ಟವರಿನಿಂದ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಒಂದು ಸಣ್ಣ ಸಂದೇಶವನ್ನು ಪಡೆಯುತ್ತದೆ. ಜಿ.ಎಸ್.ಎಂ. ಪದ್ಧತಿಯಲ್ಲಿ ಇದಕ್ಕೊಂದು ಎಣಿಕೆಯ ಹುಂಡಿಯಿದೆ. ಸಂದೇಶ ಕೆಟ್ಟು ಬಂದರೆ ಹುಂಡಿಯಿಂದ ಒಂದು ಕಳೆ, ಸರಿಯಾಗಿ ಬಂದರೆ ಎರಡು ಸೇರಿಸು, ಹುಂಡಿ ಬರಿದಾದರೆ ಕರೆ ಕಡಿಯಿತೆಂದು ದಾಖಲಿಸು. ಮೊದಲು ಹುಂಡಿಯಲ್ಲಿ ಎಷ್ಟಿಡಬೇಕೆಂಬುದು ಕಂಪನಿಯ ಕೈಯಲ್ಲಿ: ನಾಲ್ಕರಿಂದ ಅರವತ್ತನಾಲ್ಕರವರೆಗೆ. ನಾಲ್ಕಿಟ್ಟರೆ ಎರಡು ಸೆಕೆಂಡಿನಲ್ಲಿ ಕರೆ ಸಾಯುತ್ತದೆ. ಅರವತ್ತನಾಲ್ಕಿಟ್ಟರೆ ಅರ್ಧ ನಿಮಿಷ ಕಾಲ ಏನೂ ಕೇಳಿಸದಿದ್ದರೂ ಲೆಕ್ಕದಲ್ಲಿ ಕರೆ ಬದುಕಿಯೇ ಇರುತ್ತದೆ! ಅರ್ಧ ನಿಮಿಷ ‘ಹಲೋ ಹಲೋ’ ಎನ್ನುತ್ತ ನಿಲ್ಲುವ ತಾಳ್ಮೆ ಯಾರಿಗಿದೆ? ಜನ ತಾವೇ ಕರೆ ಮುಗಿಸುತ್ತಾರೆ. ದಫ್ತರದಲ್ಲಿ ಅದು ‘ಸುಸೂತ್ರವಾಗಿ ಮುಗಿದ ಕರೆ’. ಸುರಂಗ ದಾಟುವ ಪ್ರಯಾಣಿಕನಿಗೆ ದೊಡ್ಡ ಹುಂಡಿ ಉಪಕಾರಿ ಎಂಬುದೂ ನಿಜವೇ. ಆದರೆ 2016ರ ಹೊತ್ತಿಗೆ ಈ ಸೌಕರ್ಯ ದೋಷವನ್ನು ಮರೆಮಾಚಲು ಬಳಕೆಯಾಗುತ್ತಿದೆಯೆಂಬ ಅನುಮಾನ ಇಂಡಿಯಾದಲ್ಲಿ ಬಹಿರಂಗ ಚರ್ಚೆಗೆ ಬಂತು.

ಈ ನಡುವೆ ಜನರ ಅಸಮಾಧಾನ ಹೆಚ್ಚಿ, 2015ರ ಅಕ್ಟೋಬರ್ 16ರಂದು ಟ್ರಾಯ್ ಒಂದು ದಿಟ್ಟ ಆಜ್ಞೆಯನ್ನು ಹೊರಡಿಸಿತು. 2016ರ ಜನವರಿ 1ರಿಂದ ಕಡಿದ ಪ್ರತಿ ಕರೆಗೂ ಕರೆ ಮಾಡಿದವನ ಲೆಕ್ಕಕ್ಕೆ ಒಂದು ರೂಪಾಯಿ ಜಮೆ, ದಿನಕ್ಕೆ ಮೂರು ರೂಪಾಯಿಯ ಮಿತಿ. ಕಂಪನಿಗಳು ಮೊದಲು ದಿಲ್ಲಿ ಹೈಕೋರ್ಟಿಗೆ ಹೋಗಿ 2016ರ ಫೆಬ್ರವರಿಯಲ್ಲಿ ಸೋತವು. ಬಳಿಕ ಸುಪ್ರೀಂ ಕೋರ್ಟಿಗೆ ಹೋದವು. ಅದೇ ವರ್ಷ ಮೇ 11ರಂದು ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠ ಆ ನಿಯಮವನ್ನು ರದ್ದುಮಾಡಿತು. ಕಾರಣಗಳನ್ನು ಗಮನಿಸಿ. ನೂರಕ್ಕೆ ಎರಡು ಕರೆ ಕಡಿಯಬಹುದೆಂದು ಟ್ರಾಯ್ ತಾನೇ ಅನುಮತಿ ಕೊಟ್ಟಿದೆ. ಆ ಮಿತಿಯೊಳಗಿರುವವನಿಗೂ ದಂಡ ಹಾಕುತ್ತದೆ. ಅದರದೇ ತಾಂತ್ರಿಕ ಪತ್ರದ ಪ್ರಕಾರ ಕಡಿಯುವ ಕರೆಗಳಲ್ಲಿ ಸರಾಸರಿ ಶೇಕಡಾ 36.9ರಷ್ಟು ಗ್ರಾಹಕನ ಕಡೆಯ ಕಾರಣದಿಂದ ಕಡಿಯುತ್ತವೆ. ಅವುಗಳಿಗೂ ಕಂಪನಿಯೇ ತೆರಬೇಕೆನ್ನುತ್ತದೆ. ಯಾರ ತಪ್ಪೆಂದು ಕೇಳದೆ ಎಲ್ಲರ ಮೇಲೂ ಹೊರೆ ಹೊರಿಸುವ ನಿಯಮ ಸ್ವೇಚ್ಛೆಯದ್ದು ಎಂಬುದು ಪೀಠದ ನಿಲುವು.

ಅಂದು ಪತ್ರಿಕೆಗಳನ್ನು ಓದಿದವರಲ್ಲಿ ಹಲವರು ಇದನ್ನು ಧನಿಕರ ಗೆಲುವೆಂದೇ ಎಣಿಸಿದರು. ನಮ್ಮ ಅಭಿಪ್ರಾಯ ಬೇರೆ. ಟ್ರಾಯ್‌ನ ಉದ್ದೇಶ ಒಳ್ಳೆಯದಿತ್ತು, ಅದು ಹಿಡಿದ ಕೋಲು ಸೊಟ್ಟಗಿತ್ತು. ಸೊಟ್ಟ ಕೋಲನ್ನು ನ್ಯಾಯಾಲಯ ಮುರಿದದ್ದು ಸರಿ. ಆದರೆ ಮುರಿದ ಕೋಲಿನ ಬದಲು ನೇರವಾದುದೊಂದು ಅಂದು ಜನರ ಕೈಗೆ ಸಿಕ್ಕಲಿಲ್ಲ ಎಂಬುದೂ ಅಷ್ಟೇ ನಿಜ.

ಅದು ಸಿಕ್ಕಿದ್ದು 2017ರ ಆಗಸ್ಟಿನಲ್ಲಿ. ಗದ್ದಲವಿಲ್ಲದೆ ಬಂದ ಆ ತಿದ್ದುಪಡಿಯನ್ನು ಈ ಇಡೀ ಚರಿತ್ರೆಯ ಅತ್ಯಂತ ವಿವೇಕದ ಹೆಜ್ಜೆಯೆಂದು ನಾವು ಎಣಿಸುತ್ತೇವೆ. ಟವರೊಂದು ತನ್ನ ಸುತ್ತಣ ನೆಲವನ್ನು ಸೆಲ್ ಎಂಬ ಸಣ್ಣ ವಲಯಗಳಾಗಿ ಹಂಚಿಕೊಳ್ಳುತ್ತದೆಂಬುದು ನಿಮಗೆ ಗೊತ್ತು. ಹೊಸ ನಿಯಮ ಸರಾಸರಿಯನ್ನು ಬಿಟ್ಟು ಈ ಸೆಲ್ಲುಗಳನ್ನೂ ದಿನಗಳನ್ನೂ ಒಂದೊಂದಾಗಿ ಎಣಿಸಲು ಹೇಳಿತು. ನೂರಕ್ಕೆ ತೊಂಬತ್ತು ಸೆಲ್ಲುಗಳಲ್ಲಿ, ನೂರಕ್ಕೆ ತೊಂಬತ್ತು ದಿನಗಳಂದು, ಕಡಿಯುವ ಕರೆ ನೂರಕ್ಕೆ ಎರಡನ್ನು ಮೀರಬಾರದು. ಇದು ಸ್ಥಳದ ಲೆಕ್ಕ. ನೂರಕ್ಕೆ ತೊಂಬತ್ತು ದಿನಗಳಂದು, ನೂರಕ್ಕೆ ತೊಂಬತ್ತೇಳು ಸೆಲ್ಲುಗಳಲ್ಲಿ, ಅದು ಮೂರನ್ನು ಮೀರಬಾರದು. ಇದು ಕಾಲದ ಲೆಕ್ಕ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೆಲ್ಲು ಎಷ್ಟು ಲಕ್ಷ ಕರೆಗಳನ್ನು ಸುಸೂತ್ರವಾಗಿ ನಡೆಸಿದರೂ ಒಂದೇ ಸೆಲ್ಲಾಗಿ ಎಣಿಕೆಗೆ ಬರುತ್ತದೆ, ಆಗುಂಬೆಯದೂ ಒಂದೇ. ದೊಡ್ಡದರ ಗೆಲುವಿನಲ್ಲಿ ಚಿಕ್ಕದರ ಸೋಲು ಕರಗುವ ಹಳೆಯ ದಾರಿ ಬಹುಮಟ್ಟಿಗೆ ಮುಚ್ಚಿತು. ನೂರಕ್ಕೆ ಮೂರು ಸೆಲ್ಲುಗಳ ಬಾಗಿಲು ತೆರೆದೇ ಇತ್ತೆಂಬುದನ್ನು ಮರೆಯಲಾಗದು. ಆ ಮೂರರಲ್ಲಿ ಇರುವವರು ಯಾರೆಂದು ಊಹಿಸುವುದು ಕಷ್ಟವಲ್ಲ.

ಜಾಲವನ್ನು ನೆಮ್ಮದಿಯ ದಿನ ಅಳೆಯುವುದು ಒಂದಾದರೆ, ಆಪತ್ತಿನ ದಿನ ಅಳೆಯುವುದು ಇನ್ನೊಂದು. ಇಲ್ಲಿ ಬಹುಕಾಲದಿಂದ ಇರುವವರಿಗೆ 2007ರ ಜೂನ್ ತಿಂಗಳಿನ ಗೋನು ಚಂಡಮಾರುತವನ್ನು ನೆನಪಿಸಬೇಕಾದುದಿಲ್ಲ. ಒಮಾನಿನಲ್ಲಿ ಸುಮಾರು ಐವತ್ತು ಮಂದಿ ಪ್ರಾಣ ಕಳೆದುಕೊಂಡರು. ವಾದಿ ಅದೈ ನೀರಾಗಿ ಹರಿದು ಅದರೊಳಗಿನ ರಸ್ತೆ ಹಾಳಾಯಿತು. ವಿದ್ಯುತ್ತು, ನೀರು, ದೂರವಾಣಿಗಳು ಅಸ್ತವ್ಯಸ್ತವಾದವು. ಟವರು ಕಬ್ಬಿಣದ ಕಂಬವಾಗಿ ನಿಂತರೆ ಸಾಲದು. ಅದಕ್ಕೆ ವಿದ್ಯುತ್ ಬೇಕು, ವಿದ್ಯುತ್ ಹೋದರೆ ಬ್ಯಾಟರಿಯೋ ಜನರೇಟರೋ ಬೇಕು, ಡೀಸೆಲ್ ತರುವ ಲಾರಿಗೆ ರಸ್ತೆ ಬೇಕು. ಟವರನ್ನು ಕೇಂದ್ರಕ್ಕೆ ಕೂಡಿಸುವ ತಂತಿ ಆ ರಸ್ತೆಯ ಮಗ್ಗುಲಲ್ಲೇ ಹೂತಿದ್ದರೆ, ರಸ್ತೆಯೊಡನೆ ಅದೂ ಹೋಗುತ್ತದೆ. 2009ರ ಇಂಡಿಯಾದ ನಿಯಮ ಟವರುಗಳು ಒಟ್ಟಾರೆ ನೂರಕ್ಕೆ ಎರಡು ಪಾಲು ಹೊತ್ತು ಸ್ಥಗಿತವಾಗಬಹುದೆಂದಿತ್ತು. ಮೂವತ್ತು ದಿನಗಳ ತಿಂಗಳಿನಲ್ಲಿ ಅದು ಹದಿನಾಲ್ಕು ಗಂಟೆ ಇಪ್ಪತ್ತನಾಲ್ಕು ನಿಮಿಷ. ಪ್ರತಿ ಇರುಳು ಅರ್ಧ ಗಂಟೆಯಂತೆ ಹಂಚಿಹೋದರೆ ಯಾರಿಗೂ ತಿಳಿಯದು. ಪ್ರವಾಹ ಬಂದ ಒಂದೇ ಹಗಲಿನಲ್ಲಿ ಒಟ್ಟಾಗಿ ಬಂದರೆ, 9999ಕ್ಕೆ ಫೋನು ಮಾಡಬೇಕಾದವನ ಕೈ ಕಟ್ಟಿದಂತೆ. ಎರಡಕ್ಕೂ ಅಂಕ ಒಂದೇ. ಆಪತ್ತಿನ ದಿನದ ಸ್ಥಗಿತವನ್ನು ‘ದೈವಾಧೀನ’ವೆಂದು ಲೆಕ್ಕದಿಂದ ಹೊರಗಿಡಬೇಕೆಂಬ ವಾದವನ್ನು ಕಂಪನಿಗಳು ಎಲ್ಲೆಡೆಯೂ ಮಾಡುತ್ತವೆ. ಹೊರಗಿಡಬಾರದು, ಬೇರೆಯಾಗಿ ಬರೆದಿಡಬೇಕು ಎಂಬುದು ನಮ್ಮ ನಿಲುವು.

ದೂರುಗಳ ಎಣಿಕೆಯಿಂದ ಜಾಲವನ್ನು ಅಳೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಇತ್ತೀಚೆಗೆ ಬಳಸುವವರ ಫೋನಿನಿಂದಲೇ ವೇಗವನ್ನು ಅಳೆದು ಒಟ್ಟುಗೂಡಿಸುವ ಕ್ರಮವೂ ಬಂದಿದೆ. ಟ್ರಾಯ್ 2016ರಲ್ಲಿ ಅಂಥದೊಂದನ್ನು ಹೊರತಂದಿತು. ಉಪಯುಕ್ತವೇ ಸರಿ. ಆದರೆ ಜಾಲವೇ ಇಲ್ಲದ ಊರಿನಿಂದ ಅಳತೆಯೂ ಬಾರದು, ದೂರೂ ಬಾರದು. 2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರ ಭಾವಚಿತ್ರ ಪತ್ರಿಕೆಗಳಲ್ಲಿ ಬಂತು. ಸುರಿವ ಮಳೆಯಲ್ಲಿ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿರುವ ಮಗಳು, ಅವಳಿಗೆ ಕೊಡೆ ಹಿಡಿದು ನಿಂತ ತಂದೆ. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಜಾಲದ ದಾಖಲೆಯಲ್ಲಿ ಆ ಹುಡುಗಿ ಯಶಸ್ವಿಯಾಗಿ ಸಂಪರ್ಕ ಪಡೆದ ಗ್ರಾಹಕಿ. ಮನೆಯಿಂದ ಅಲ್ಲಿಗೆ ಅವಳು ನಡೆದ ದಾರಿಯನ್ನು ಯಾವ ಯಂತ್ರ ಅಳೆಯುತ್ತದೆ? ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಕೆಲವು ಊರುಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲವೆಂದು ಘೋಷಿಸಿದರು. ಹಾವು ಕಚ್ಚಿದವನನ್ನು ಹೊತ್ತು ಗುಡ್ಡ ಹತ್ತಿ 108ಕ್ಕೆ ಫೋನು ಮಾಡಬೇಕಾದ ಸ್ಥಿತಿಯಲ್ಲಿ ಆ ಮಾತು ಅತಿರೇಕವೆಂದು ನಮಗೆ ತೋರದು.

ಈಗ ನಿಮ್ಮ ಮನೆಯ ಮಟ್ಟದ ಪ್ರಶ್ನೆ. ಅಮೇರಾತಿನಲ್ಲಿ ಯಾವ ಕಂಪನಿ ಒಳ್ಳೆಯದು? ನಾವು ಹೆಸರು ಹೇಳುವುದಿಲ್ಲ, ಪರೀಕ್ಷೆಯ ಕ್ರಮವನ್ನು ಹೇಳಬಲ್ಲೆವು. ಒಂದೇ ಮಾದರಿಯ ಫೋನಿನಲ್ಲಿ ಬೇರೆ ಬೇರೆ ಸಿಮ್ ಹಾಕಿ, ಮನೆಯ ಒಳಗೂ ಹೊರಗೂ, ಹಗಲೂ ಇರುಳಿನ ಗಡಿಬಿಡಿಯ ಗಂಟೆಯಲ್ಲಿಯೂ, ಹಲವು ದಿನ ಕರೆ ಮಾಡಿ ಬರೆದಿಡಿ. ಕಡಿದವನ್ನು ಮಾತ್ರವಲ್ಲ, ಸರಿಯಾಗಿ ನಡೆದುದನ್ನೂ ಬರೆಯಬೇಕು. ಸಿಟ್ಟಿಗೆ ನೆನಪು ಹೆಚ್ಚು. ಎಷ್ಟು ಕರೆ ಸಾಕು? ಗಣಿತ ಇಲ್ಲಿ ಎಚ್ಚರಿಕೆ ಹೇಳುತ್ತದೆ. ನಿಜವಾಗಿ ನೂರಕ್ಕೆ ಎರಡೇ ಕಡಿಯುವ ಜಾಲದಲ್ಲಿ ನೀವು ನೂರು ಕರೆ ಮಾಡಿದರೆ, ಬರಿಯ ಆಕಸ್ಮಿಕದಿಂದಲೇ ಮೂರು ಅಥವಾ ಹೆಚ್ಚು ಕಡಿಯುವ ಸಂಭವ ಸುಮಾರು ಮೂರರಲ್ಲಿ ಒಂದು. ಒಂದೂ ಕಡಿಯದಿರುವ ಸಂಭವ ಸುಮಾರು ಎಂಟರಲ್ಲಿ ಒಂದು. ಅಂದರೆ ನೂರು ಕರೆಗಳಲ್ಲಿ ಮೂರು ಕಡಿದವನ ದೂಷಣೆ, ಒಂದೂ ಕಡಿಯದವನ ಪ್ರಶಂಸೆ ಎರಡೂ ಒಂದೇ ಜಾಲದ ಬಗೆಗೇ ಇರಬಹುದು. ಒಬ್ಬೊಬ್ಬರ ನೂರು ಕರೆಗಳನ್ನು ಹತ್ತಿಪ್ಪತ್ತು ಮನೆಯವರು ಒಟ್ಟುಗೂಡಿಸಿದರೆ ಮಾತಿಗೆ ತೂಕ ಬರುತ್ತದೆ.

ಊರಿಗೆ ಮಾಡುವ ಕರೆಯಲ್ಲಿ ಇನ್ನೊಂದು ತೊಡಕು. ಇಲ್ಲಿಯ ಟವರು, ಇಲ್ಲಿಯ ಕೇಂದ್ರ, ಕಡಲಡಿಯ ತಂತಿ, ಅಲ್ಲಿಯ ಕೇಂದ್ರ, ಅಲ್ಲಿಯ ಟವರು, ಕೊನೆಗೆ ತಾಯಿಯ ಕೈಯಲ್ಲಿರುವ ಹಳೆಯ ಫೋನು — ಇಷ್ಟೂ ಒಂದೇ ಕ್ಷಣ ಸರಿಯಿರಬೇಕು. ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಕರೆಂಟು ಹೋಗಿ ಅಲ್ಲಿಯ ಟವರು ಮಲಗಿದರೆ ನಾವು ಬಯ್ಯುವುದು ಒಮಾನಿನ ಕಂಪನಿಯನ್ನು. 1860ರ ಕೆಂಪು ಸಮುದ್ರದ ತಂತಿಯ ಪ್ರತಿ ತುಂಡಿನ ಯಜಮಾನನೂ ‘ನನ್ನ ಭಾಗ ಸರಿಯಿದೆ’ ಎನ್ನಬಹುದಿತ್ತು. ಇಂದಿನ ಕಂಪನಿಗಳೂ ಹಾಗೆನ್ನುತ್ತವೆ, ಹಲವು ವೇಳೆ ಸತ್ಯವಾಗಿಯೇ. ಆದುದರಿಂದ ಊರಿಗೆ ಹೋದ ಕರೆಯನ್ನೂ ಇಲ್ಲಿಯ ನೆರೆಮನೆಗೆ ಮಾಡಿದ ಕರೆಯನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆಯಿರಿ. ಎರಡೂ ಕಡಿದರೆ ತಪ್ಪು ಇಲ್ಲಿಯದು. ಊರಿನದು ಮಾತ್ರ ಕಡಿದರೆ ಆಚೆ ತುದಿಯನ್ನು ವಿಚಾರಿಸಬೇಕು.

ಆಚೆ ತುದಿಯಲ್ಲಿ ಈಚೆಗೆ ಆಗಿರುವುದನ್ನು ತಿಳಿಸಿ ನಿಲ್ಲಿಸುತ್ತೇವೆ. 2022ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟ 24,680 ಹಳ್ಳಿಗಳಿಗೆ 4ಜಿ ಸೇವೆ ಮುಟ್ಟಿಸಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟು ಕೆಲಸವನ್ನು ಬಿ.ಎಸ್.ಎನ್.ಎಲ್.ಗೆ ವಹಿಸಿತು. 2024ರ ಆಗಸ್ಟಿನಲ್ಲಿ ಟ್ರಾಯ್ ಗುಣಮಟ್ಟದ ನಿಯಮಗಳನ್ನು ಹೊಸದಾಗಿ ಬರೆಯಿತು. ಕಂಪನಿಗಳು ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಲೇಬೇಕು. ಜಿಲ್ಲೆಯ ಮಟ್ಟದಲ್ಲಿ ಜಾಲ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಕಾಲ ಸ್ಥಗಿತವಾದರೆ ಗ್ರಾಹಕರಿಗೆ ಬಾಡಿಗೆಯ ರಿಯಾಯತಿ ಅಥವಾ ಅವಧಿಯ ವಿಸ್ತರಣೆ ಕೊಡಬೇಕು. ರಾಜ್ಯವಾಗಿದ್ದ ಅಳತೆಯ ಘಟಕ ಸೆಲ್ಲಿಗೆ ಇಳಿದು, ಪರಿಹಾರದ ಘಟಕ ಜಿಲ್ಲೆಯಾಗಿದೆ. ಆದರೆ ಮಲೆನಾಡಿನಲ್ಲಿ ‘ಹಳ್ಳಿ’ಯೆಂದರೆ ಬಯಲುಸೀಮೆಯಂತೆ ಒಂದೆಡೆ ಒತ್ತಿಕೊಂಡ ಮನೆಗಳಲ್ಲ. ಒಂದು ಗುಡ್ಡಕ್ಕೆ ಎರಡು ಮನೆ, ನಡುವೆ ಹಳ್ಳ, ಆಚೆ ತೋಟ, ಅದರಾಚೆ ಇನ್ನೊಂದು ಮನೆ. ಶಾಲೆಯ ಬಳಿ ಸಿಗ್ನಲ್ ಬಂದರೆ ಹಳ್ಳಿಗೆ ಬಂದಂತೆಯೆ, ಕೊನೆಯ ತೋಟದ ಮನೆಗೆ ಬಂದ ಮೇಲೆ ಬಂದಂತೆಯೆ ಎಂಬುದನ್ನು ಯೋಜನೆಯ ಲೆಕ್ಕ ಬರೆಯುವವರನ್ನು ಕೇಳಬೇಕಾದವರು ಆ ಮನೆಗಳಿಂದ ಬಂದು ಇಲ್ಲಿ ದುಡಿಯುತ್ತಿರುವ ನೀವೇ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಕೊನೆಯ ಮನೆಯ ಜಗಲಿಯಿಂದ ಒಂದು ಕರೆ ಮಾಡಿ, ತಾರೀಖು ಗಂಟೆಗಳೊಡನೆ ಬರೆದು ತನ್ನಿ.